ಐದು ನಿಮಿಷ ಯಾರೂ ಮುಟ್ಟಬೇಡಿ

ನನ್ನ ಡಿಗ್ರಿ ನಮ್ಮ ದೊಡ್ಡಪ್ಪನ ಹಿಟ್ಟಿನ ಗಿರಣಿಯ ಆಫೀಸಿನಲ್ಲಿ ಗಾಜಿನ ಚೌಕಟ್ಟಿನೊಳಗೆ ನೇತಾಡುತ್ತಿದೆ. ಬಂದವರಿಗೆಲ್ಲ ದೊಡ್ಡಪ್ಪ ಅದನ್ನು ಬೆರಳಿನಿಂದ ತಟ್ಟಿ ತೋರಿಸುತ್ತಾರೆ. "ನನ್ನ ತಮ್ಮನ ಮಗಳದ್ದು. ಹುಳದ ಡಾಕ್ಟ್ರು! ಇಂಥವರು ಬೇರೆ ಯಾವ ಗಿರಣೀಲಿದ್ದಾರೆ, ಹೇಳಿ ನೋಡೋಣ." ಆ ಹುಳದ ಡಾಕ್ಟ್ರು ಹೇಳಿದ ಮಾತನ್ನು ಮಾತ್ರ ಅವರು ಒಂದು ದಿನವೂ ಕಿವಿಗೆ ಹಾಕಿಕೊಂಡವರಲ್ಲ. ಕಣ್ಣು ಕೆಡಿಸಿಕೊಂಡು ಓದಿದವಳು ನಾನು, ಮರ್ಯಾದೆಯೆಲ್ಲ ಗೋಡೆಗೆ.

ದೊಡ್ಡಪ್ಪ ಕೆಟ್ಟವರಲ್ಲ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಿರಣಿಯೆಲ್ಲ ಸುತ್ತಿಸಿದವರು. ಆದರೆ ತಮಗೆ ಬೇಡದ ಮಾತು ಬಂತೆಂದರೆ ಅವರಿಗೊಂದು ವಿದ್ಯೆ ಗೊತ್ತು, ನಿದ್ದೆ. ದೊಡ್ಡಮ್ಮ ಬಾಗಿಲಲ್ಲಿ ನಿಂತು "ರೀ, ಗೋದಾಮಿನ ತಗಡು ತೂತಾಗಿದೆ, ಬದಲಾಯಿಸೋದು ಯಾವಾಗ?" ಎಂದು ಕೇಳುವಷ್ಟರಲ್ಲಿ ಇವರು ಬೆಂಚಿನ ಮೇಲೆ ಅಂಗಾತ. ಮುಖದ ಮೇಲೆ ಟವೆಲ್, ಅದರಡಿಯಿಂದ ಗೊರಕೆ. ದೊಡ್ಡಮ್ಮ ಗೊಣಗುತ್ತಾ ಒಳಗೆ ಹೋದ ಮರುಗಳಿಗೆ ಎದ್ದು ಕೂತು ಟೀ ತರಿಸುತ್ತಾರೆ. ತಗಡು ಹಾಗೇ ಇದೆ, ತೂತು ಮಾತ್ರ ಬೆಳೆಯುತ್ತಿದೆ.

ಆ ತೂತಿನಿಂದ ನೀರಿಳಿದು ಗೋಧಿಗೆ ತೇವ ಹಿಡಿಯಿತು. ತೇವದ ಬೆನ್ನಿಗೇ ಹುಳ ಬಂತು. ಅಕ್ಕಿಕಾಳಿಗಿಂತ ಚಿಕ್ಕದು, ಕಂದು ಬಣ್ಣ, ಮೂತಿಯಲ್ಲಿ ಪುಟ್ಟ ಸೊಂಡಿಲು. ನೋಡಿದರೆ ಅಯ್ಯೋ ಪಾಪ ಅನ್ನಬೇಕು. ಮಾಡುವ ಕೆಲಸ ನೋಡಿದರೆ ಹೊಟ್ಟೆ ಉರಿಯುತ್ತದೆ. ಹೆಣ್ಣು ಹುಳ ಸೊಂಡಿಲಿನಿಂದ ಕಾಳನ್ನು ಕೊರೆದು, ತೂತಿನೊಳಗೆ ಒಂದೇ ಒಂದು ಮೊಟ್ಟೆ ಇಟ್ಟು, ಮೇಲೆ ಅಂಟು ಮೆತ್ತಿ ಮುಚ್ಚಿಬಿಡುತ್ತದೆ. ಹೊರಗಿನಿಂದ ಕಾಳು ಗುಂಡಗೆ, ನುಣ್ಣಗೆ, ಏನೂ ಆಗದ ಹಾಗೆ. ಮರಿ ಒಳಗೇ ಕೂತು ತಿಂದು, ಒಳಗೇ ಕೋಶ ಕಟ್ಟಿ, ದೊಡ್ಡದಾದ ಮೇಲೆ ಗೋಡೆ ಒಡೆದು ಹೊರಗೆ ಬರುತ್ತದೆ. ಬಾಡಿಗೆಯಿಲ್ಲ, ಊಟ ಮನೆಯಲ್ಲೇ, ಹೋಗುವಾಗ ಮನೆಯೂ ಖಾಲಿ.

ಅದಕ್ಕೆ ಮದ್ದಿದೆ. ಮೂಟೆಗಳ ಮೇಲೆ ದಪ್ಪ ತಾಡಪಾಲು ಹೊದಿಸಿ, ಅಂಚಿಗೆ ಮರಳು ಚೀಲ ಒತ್ತಿ, ಒಳಗೆ ಗ್ಯಾಸಿನ ಮಾತ್ರೆ ಇಡಬೇಕು. ಓಡಾಡುವ ಹುಳ ಬೇಗ ಸಾಯುತ್ತದೆ. ಕಾಳಿನೊಳಗಿನ ಮೊಟ್ಟೆ, ಕೋಶ ಸಾಯಬೇಕಾದರೆ ಗ್ಯಾಸು ಸೋರದೆ ಹತ್ತು ದಿನ ನಿಲ್ಲಬೇಕು. ನಾನು ಹಾಗೇ ಮಾಡಿಸಿ, ಬಾಗಿಲಿಗೆ ಬೀಗ ಹಾಕಿಸಿ, "ಯಾರೂ ಬಿಚ್ಚಬಾರದು" ಎಂದು ಕೂಗಿ ಹೇಳಿ ಬಂದಿದ್ದೆ. ನನ್ನ ದುರದೃಷ್ಟಕ್ಕೆ ಕೀಲಿಗೊಂಚಲು ಇರುವುದು ದೊಡ್ಡಪ್ಪನ ಸೊಂಟದಲ್ಲಿ.

ಅಷ್ಟರಲ್ಲಿ ಬಿಸ್ಕತ್ತು ಕಂಪನಿಯ ಖರೀದಿ ಸಾಹೇಬರ ಫೋನು ಬಂತು. ಗೋಧಿ ಒಪ್ಪಿಗೆಯಾದರೆ ವರ್ಷವಿಡೀ ನಮ್ಮದೇ ಹಿಟ್ಟು. ಇಲ್ಲದಿದ್ದರೆ ಗಿರಣಿಗೆ ಬಾಗಿಲು ಹಾಕಬೇಕಾದ ಪರಿಸ್ಥಿತಿ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇನ್ನು ಹುಳ ಇರುವ ಗೋಧಿಯನ್ನು ಚೊಕ್ಕ ಎಂದು ಮಾರಿ ಸಿಕ್ಕಿಬಿದ್ದರಂತೂ ಬಾಗಿಲ ಜೊತೆ ಹೆಸರೂ ಹೋದಂತೆ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ತಾಡಪಾಲು ಮಡಿಸಿ ಮೂಲೆಯಲ್ಲಿಟ್ಟಿದ್ದರು. ಬಾಗಿಲು ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ಹೊದಿಸಿ ಆಗ ಮೂರೇ ದಿನ.

"ದೊಡ್ಡಪ್ಪಾ! ಯಾಕೆ ಬಿಚ್ಚಿದ್ರಿ?"

"ಸಾಹೇಬ್ರು ಇವತ್ತೇ ಬರ್ತಾರಂತೆ ಕಣೇ. ಹೊದಿಸಿಟ್ರೆ ಹೆಣ ಇಟ್ಟ ಹಾಗೆ ಕಾಣುತ್ತೆ. ನೀನೇನೂ ಹೆದರಬೇಡ, ಎಲ್ಲಾ ಸತ್ತಿವೆ. ನಾನೇ ಜರಡಿ ಹಿಡಿದು ನೋಡ್ದೆ."

ತಟ್ಟೆ ತೋರಿಸಿದರು. ಬಿಳಿ ತಟ್ಟೆಯ ಮೇಲೆ ಒಂದು ಹಿಡಿ ಹುಳ, ಕಾಲು ಮಡಿಚಿಕೊಂಡು ತಣ್ಣಗೆ ಬಿದ್ದಿದ್ದವು.

"ಇವು ಸತ್ತಿಲ್ಲ ದೊಡ್ಡಪ್ಪ, ಕಾಳಿನೊಳಗೆ ಉಳಿದಿದ್ದವು ಈಗ ಹೊರಗೆ ಬಂದಿವೆ. ಅಲ್ಲಾಡಿಸಿದ್ರೆ ಈ ಹುಳ ಸತ್ತ ಹಾಗೆ ನಟಿಸುತ್ತೆ. ಐದು ನಿಮಿಷ ಮುಟ್ಟದೆ ಬಿಟ್ರೆ ತಾನೇ ಎದ್ದು ಓಡಾಡುತ್ತೆ."

"ಹುಳ ನಾಟಕ ಆಡುತ್ತಾ?" ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಓದಿ ಓದಿ ನಿನ್ನ ತಲೆ ಕೆಟ್ಟಿದೆ."

ಅವರು ಆಚೆ ಹೋದರು. ನಾನು ತಟ್ಟೆ ಕಾದುಕೊಂಡು ಕೂತೆ. ಮೊದಲು ಒಂದು ಕಾಲು ಚಾಚಿತು. ಆಮೇಲೆ ಒಂದು ಸೊಂಡಿಲು ಎದ್ದಿತು. ನೋಡನೋಡುತ್ತ ಅರ್ಧ ತಟ್ಟೆ ನಡೆದಾಡತೊಡಗಿತು. "ದೊಡ್ಡಪ್ಪಾ, ಬನ್ನಿ, ಬೇಗ!" ಎಂದು ಕೂಗಿದೆ. ಅವರು ಧಡಧಡ ಬಂದು, "ಎಲ್ಲಿ? ಯಾವುದು?" ಎನ್ನುತ್ತಾ ತಟ್ಟೆಯನ್ನು ಟಕಟಕ ತಟ್ಟಿದರು. ಅಷ್ಟೂ ಹುಳ ಕಾಲು ಮಡಿಚಿ ಮಲಗಿಬಿಟ್ಟವು! ಗಿರಣಿಯ ಆಳುಗಳಾದರೂ ಇವರನ್ನು ಕಂಡು ಅಷ್ಟು ಬೇಗ ಎದ್ದು ನಿಂತದ್ದಿಲ್ಲ.

"ನೋಡಿದ್ಯಾ? ನಿಂದೂ ಒಂದು ಓದು."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹುಳಗಳೂ ಅವರ ಕಡೆಯೇ ಸೇರಿಕೊಂಡ ಮೇಲೆ ಯಾರಿಗೆ ಹೇಳುವುದು? "ಈ ಗೋಧಿ ಹೀಗೇ ಹೋದ್ರೆ ನನ್ನ ಡಿಗ್ರಿ ಗೋಡೆಯಿಂದ ಇಳಿಸ್ಕೊಂಡು ನಾನೂ ಹೋಗ್ತೀನಿ," ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ. ದೊಡ್ಡಪ್ಪನ ಮುಖ ಒಂದು ಕ್ಷಣ ಸಪ್ಪಗಾಯಿತು. ಆದರೆ ಹೊರಗೆ ಕಾರಿನ ಹಾರ್ನ್ ಕೇಳಿಸಿತು, ಅವರು ಅಂಗಿ ಸರಿಮಾಡಿಕೊಂಡು ಓಡಿದರು.

ಖರೀದಿ ಸಾಹೇಬರು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿಯೇ ಕೂತರು. ದೊಡ್ಡಪ್ಪ ಮೊದಲು ನನ್ನ ಡಿಗ್ರಿ ತಟ್ಟಿದರು, ಆಮೇಲೆ ಎದುರಿಗೇ ಒಂದು ಮೂಟೆಯ ಗೋಧಿ ಜರಡಿ ಹಿಡಿದು, ಉದುರಿದ ಹುಳಗಳನ್ನು ತಟ್ಟೆಗೆ ಸುರಿದರು. "ಒಂದಾದ್ರೂ ಅಲ್ಲಾಡ್ತಿದೆಯಾ ಸಾಹೇಬ್ರೇ?"

"ಸತ್ತಿದ್ರೆ ನಮ್ಮ ಕಂಪನಿಗೆ ಏನೂ ಅಭ್ಯಂತರ ಇಲ್ಲ," ಎಂದರು ಸಾಹೇಬರು. "ಬಿಸ್ಕತ್ತಿನಲ್ಲಿ ಸತ್ತಿದ್ದು ಕಾಣೋದಿಲ್ಲ. ಓಡಾಡೋದು ಮಾತ್ರ ಇರಬಾರದು." ಜೇಬಿನಿಂದ ಪೆನ್ನು ತೆಗೆದರು.

ನಾನು ತಟ್ಟೆಯ ಸುತ್ತ ಎರಡೂ ಕೈ ಅಡ್ಡ ಇಟ್ಟೆ. "ಐದು ನಿಮಿಷ ಯಾರೂ ಮುಟ್ಟಬೇಡಿ. ಆಮೇಲೆ ಸಹಿ ಮಾಡಿ."

ದೊಡ್ಡಪ್ಪನ ಬೆರಳು ತಟ್ಟೆ ತಟ್ಟಲು ಮುಂದೆ ಬಂತು. ನಾನು ಅವರನ್ನು ನೋಡಿದ ನೋಟಕ್ಕೆ ಹಿಂದೆ ಹೋಯಿತು. ಸಾಹೇಬರ ಟೀ ಆರುತ್ತಿತ್ತು. ಒಂದು ಕಾಲು ಚಾಚಿತು. ಇನ್ನೊಂದು. ಒಂದು ಹುಳ ಮಗುಚಿ ಎದ್ದು, ಮೂತಿ ಒರೆಸಿಕೊಂಡು, ನೇರ ಸಾಹೇಬರ ಪೆನ್ನು ಹತ್ತಿತು. ಉಳಿದವು ತಟ್ಟೆಯ ಅಂಚು ದಾಟಿ ಟೀ ಕಪ್ಪಿನ ಕಡೆ ಹೊರಟವು.

"ಏನ್ರೀ ಇದು! ಸತ್ತಿವೆ ಅಂದ್ರಲ್ಲ?" ಸಾಹೇಬರು ಪೆನ್ನು ಬಿಸಾಡಿ ಎದ್ದು ನಿಂತರು.

ದೊಡ್ಡಪ್ಪ ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಅಯ್ಯೋ, ಎದೆ..." ಎನ್ನುತ್ತಾ ಬೆಂಚಿನ ಮೇಲೆ ಉರುಳಿದರು.

ನನ್ನ ಜೀವವೇ ಬಾಯಿಗೆ ಬಂತು. ಹಾಳಾದ ಹುಳಕ್ಕೋಸ್ಕರ ದೊಡ್ಡಪ್ಪನನ್ನೇ ಕೊಂದೆನಲ್ಲ! ಓಡಿ ಹೋಗಿ ಕೈ ಹಿಡಿದೆ. ಕೈ ಬೆಚ್ಚಗಿತ್ತು, ನಾಡಿ ಗಿರಣಿಯ ಹಾಗೆ ಸರಾಗವಾಗಿ ಓಡುತ್ತಿತ್ತು. ಉರುಳುವ ಗಡಿಬಿಡಿಯಲ್ಲೂ ಟವೆಲನ್ನು ಮರೆಯದೆ ಮುಖದ ಮೇಲೆ ಎಳೆದುಕೊಂಡಿದ್ದರು.

"ಡಾಕ್ಟರನ್ನ ಕರೀರಿ!" ಸಾಹೇಬರು ಬೆವರುತ್ತಿದ್ದರು.

ಗಲಾಟೆ ಕೇಳಿ ದೊಡ್ಡಮ್ಮ ಬಂದರು. ಬೆಂಚನ್ನು ನೋಡಿದರು, ಟವೆಲನ್ನು ನೋಡಿದರು. "ಏನೂ ಬೇಡ ಸಾಹೇಬ್ರೇ. ಐದು ನಿಮಿಷ ಯಾರೂ ಮುಟ್ಟಬೇಡಿ. ತಾವೇ ಎದ್ದು ಓಡಾಡ್ತಾರೆ."

ನನಗೆ ಹೋದ ಜೀವ ಬಂತು, ಅದರ ಜೊತೆ ಸಿಟ್ಟೂ ಬಂತು. ಸಾಹೇಬರ ಕಡೆ ತಿರುಗಿದೆ. "ಸರ್, ಇನ್ನೊಂದ್ಸಲ ಹೊದಿಸಿ, ಪೂರ್ತಿ ಹತ್ತು ದಿನ ಬಿಡ್ತೀವಿ. ಆಮೇಲೆ ನೀವೇ ಬಂದು, ಜರಡಿ ಹಿಡಿದು, ಕಾದು ನೋಡಿ. ಒಂದು ಹುಳ ನಡೆದ್ರೂ ಒಪ್ಪಂದ ಬೇಡ."

"ಯಜಮಾನ್ರು ಒಪ್ತಾರಾ?"

"ಕೇಳೋಣ." ಬೆಂಚಿನ ಹತ್ತಿರ ಬಗ್ಗಿದೆ. "ದೊಡ್ಡಪ್ಪ, ಇದು ಬೇಡ ಅನ್ನೋದಾದ್ರೆ ಈಗಲೇ ಹೇಳಿಬಿಡಿ."

ಟವೆಲಿನಡಿಯಿಂದ ಉಸಿರು ಒಂದು ಸಲ ಜೋರಾಗಿ ಬಂತು. ಮಾತು ಬರಲಿಲ್ಲ.

"ತಗಡೂ ಬದಲಾಯಿಸ್ಬೇಕು, ಅದನ್ನೂ ಕೇಳು," ಎಂದರು ದೊಡ್ಡಮ್ಮ.

ಕೇಳಿದೆ. ಕಾಲಿನ ಹೆಬ್ಬೆರಳು ಒಂದಿಷ್ಟು ನಡುಗಿತು, ಅಷ್ಟೆ.

"ಉಸಿರಾಟ ಸಲೀಸಾಗ್ಲಿ," ಎನ್ನುತ್ತಾ ದೊಡ್ಡಮ್ಮ ಅವರ ಸೊಂಟದ ಕೀಲಿಗೊಂಚಲು ಬಿಚ್ಚಿ ನನ್ನ ಕೈಗೆ ಹಾಕಿದರು. ಇಷ್ಟು ವರ್ಷದಲ್ಲಿ ಅದು ಇನ್ನೊಬ್ಬರ ಕೈಗೆ ಬಂದದ್ದು ಅದೇ ಮೊದಲು. ಸಾಹೇಬರು ಹತ್ತು ದಿನ ಬಿಟ್ಟು ಬರುವುದಾಗಿ ಹೇಳಿ, ಅಂಗಿ ತೋಳು ಕೊಡವಿಕೊಳ್ಳುತ್ತಾ ಕಾರು ಹತ್ತಿದರು.

ಸದ್ದು ದೂರವಾಯಿತು. ಟವೆಲಿನ ಒಂದು ಮೂಲೆ ಮೇಲೆದ್ದಿತು, ಒಂದು ಕಣ್ಣು ತೆರೆಯಿತು.

"ಹೋದ್ರಾ?"

"ಹೋದ್ರು."

ದೊಡ್ಡಪ್ಪ ಮೆಲ್ಲಗೆ ಎದ್ದು ಕೂತು ಸೊಂಟ ತಡವಿಕೊಂಡರು. "ಕೀಲಿ ಎಲ್ಲಿ?"

ನಾನು ಕೈ ಎತ್ತಿ ಗೊಂಚಲು ಅಲ್ಲಾಡಿಸಿದೆ. ನನ್ನ ಪಕ್ಕದಲ್ಲಿ ದೊಡ್ಡಮ್ಮ ತಗಡಿನ ಅಳತೆಯ ಟೇಪು ಹಿಡಿದು ನಿಂತಿದ್ದರು. ದೊಡ್ಡಪ್ಪ ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಕಾಲು ಮಡಿಚಿಕೊಂಡು, ಮತ್ತೆ ಬೆಂಚಿನ ಮೇಲೆ ಮಲಗಿದರು.