ಡಯಲ್ಲಿನ ಕೀಲಿ

ಯಾರೂ ತಿರುಗಿಸಬಾರದಂತ ಫೋನಿನ ಡಯಲ್ಲಿಗೆ ಹಾಕಿದ ಹಿತ್ತಾಳಿ ಕೀಲಿ ಮ್ಯಾಲೆ ನೊಣ ಕುಂತೈತಿ, ಕಾಲು ತಿಕ್ಕಾಕತ್ತೈತಿ, ಅದಕ್ಕೇನು, ಯಾರಪ್ಪನ ಹೆದರಿಕಿ — ಗುತ್ತೆವ್ವನ ಕೈಯಾಗಿನ ಕಸಬರಗಿ ಮಾತ್ರ ನಿಂತಬಿಟ್ಟೈತಿ, ಯಾಕಂದ್ರ ಸಾವ್ಕಾರ ಪರಮೇಶಪ್ಪ ಹಮಾಲ ಯಲ್ಲಪ್ಪನ ಅಂಗಿ ಹಿಡಿದು ಒದರಾಕತ್ತಾನ, ಕಳ್ಳ ಕೀಲಿಕೈ ಎಲ್ಲಿಟ್ಟಿಯಲೇ, ನಾ ಇಲ್ಲದಾಗ ಯಾರಿಗೆ ಫೋನ್ ಹಚ್ತಿ, ಪೊಲೀಸರನ್ನ ಕರಸ್ತೇನಿ ತಡಿ, ಇಲ್ರೀ ಸಾವ್ಕಾರ್ರ, ಮಕ್ಕಳಾಣಿ, ನನಗ ಅದನ್ನ ಹಿಡಿಯಾಕ ಸೈತ ಬರಂಗಿಲ್ರೀ. ಪಾಪ, ಖರೇನ, ಅವಗ ಬರಂಗಿಲ್ಲ, ಹಾನಗಲ್ಲಿನ ಈ ದಲಾಲಿ ಅಂಗಡ್ಯಾಗ ಕೀಲಿ ಮುಟ್ಟದಂಗ ಫೋನ್ ಹಚ್ಚಾಕ ಬರೋದು ಕಸ ಹೊಡಿಯೋ ಗುತ್ತೆವ್ವಗೊಬ್ಬಾಕಿಗೇ — ಧೂಳ ಒರಸ್ತಾ ಒರಸ್ತಾ ತಿಳಿದದ್ದು, ಸಾವ್ಕಾರ ಐದು ತಿರುಗಿಸಿದ್ರ ಡಯಲ್ ವಾಪಸ್ ಬರೂವಾಗ ಐದು ಸಲ ಕಟಕಟ, ರಿಸೀವರ್ ಇಡೋ ಕಡೆ ಇರೋ ಗುಂಡಿ ಒತ್ತಿದ್ರೂ ಅದ ಕಟ, ಹಂಗಾರ ಐದು ಸಲ ಒತ್ತಿದ್ರ? ಗ್ವಾಡಿ ಮ್ಯಾಲೆ ಬರದಿದ್ದ ನಂಬರಿನ ಅಂಕಿ ಎಣಿಸಿ ಒತ್ತೇಬಿಟ್ಲು, ಬಸ್‌ಸ್ಟ್ಯಾಂಡಿನಾಗ ಗಂಟಿ ಬಾರಿಸ್ತು, ಸವಣೂರ ಬಸ್ ಎಷ್ಟೊತ್ತಿಗೈತ್ರಿ, ಹನ್ನೊಂದಕ್ಕೈತವ್ವ, ಇಟ್ಟಬಿಟ್ಲು. ಸವಣೂರಾಗ ಆಕಿಗೆ ಯಾರದಾರ, ನಾಯಿ ಸೈತ ಇಲ್ಲ, ಆದ್ರೂ ಮರುದಿನ ಶಿಗ್ಗಾಂವಿ ಬಸ್ ಕೇಳಿದ್ಲು, ಆಮ್ಯಾಲೆ ಹಿರೇಕೆರೂರದು, ಹೋಗಾಕಲ್ಲ, ಕೀಲಿ ಹಾಕಿದ್ದು ಹಾಕಿದಂಗ ಇರಬೇಕು, ಗಂಟಿ ಬಾರಿಸಬೇಕು, ಅಷ್ಟ — ಫೋನಿನ ಬಿಲ್ ಏರಿತು, ಅಂಗಡಿ ಕಾಯೋ ಯಲ್ಲಪ್ಪನ ಕುತ್ತಿಗಿಗೆ ಬಂತು. ಬಾಯಿ ಬಿಟ್ರ ತನ್ನ ಕೂಳು ಹೋಗ್ತೈತಿ, ಸುಮ್ಮನಿದ್ರ ಅವ ಜೇಲಿಗೆ ಹೋಗ್ತಾನ, ಆದ್ರ ಸಾವ್ಕಾರ ಅಂದಬಿಟ್ನಲ್ಲ, ಕೀಲಿಕೈ ಇಲ್ದ ಇದನ್ನ ಬ್ರಹ್ಮ ಬಂದ್ರೂ ಹಚ್ಚಾಕಾಗಂಗಿಲ್ಲ ಅಂತ, ಅದನ್ನ ಕೇಳಿ ತಡಕೊಳ್ಳಾಕಾಗಲಿಲ್ಲ, ಯಲ್ಲಪ್ಪನ ಕಣ್ಣೀರಿಗಿಂತ ಅದ ಹೆಚ್ಚು ಚುಚ್ಚಿತು, ಥೂ, ಎಂಥಾ ಹೆಂಗಸು ನಾನು — ಕಸಬರಗಿ ಒಗದು ರಿಸೀವರ್ ಎತ್ತಿದ್ಲು, ನೋಡ್ರಿಲ್ಲೆ ಸಾವ್ಕಾರ್ರ, ಬಾಜೂ ಅಂಗಡಿ ನಂಬರ್, ಕಟ ಕಟ ಕಟ, ಗ್ವಾಡಿ ಆಚೆ ಬಾಜೂ ಅಂಗಡ್ಯಾಗ ಟ್ರಿಣ್ ಅಂತು. ಸಾವ್ಕಾರ ಯಲ್ಲಪ್ಪನ ಅಂಗಿ ಬಿಟ್ಟ.

ಯಲ್ಲಪ್ಪಾ, ನೀ ಚೀಲ ಹೊರಾಕ ಹೋಗು, ಅಂದ. ಈಗ ಬೈತಾನ, ಈಗ ಹೊರಗ ಹಾಕ್ತಾನ, ಗುತ್ತೆವ್ವ ಸೆರಗು ಬಿಗಿ ಮಾಡಿ ನಿಂತಾಳ, ಸಾವ್ಕಾರ ಬಾಗಲಾ ಮುಚ್ತಾನ, ದನಿ ಸಣ್ಣದ ಮಾಡ್ತಾನ, ಯವ್ವಾ ಗುತ್ತೆವ್ವ, ಬಾಜೂ ಅಂಗಡ್ಯಾಗೂ ನೀನ ಕಸ ಹೊಡೀತಿಯಲ್ಲ, ಅವರ ಫೋನಿಗೂ ಕೀಲಿ ಐತಿ, ಅವ್ರು ಊಟಕ್ಕ ಹೋದಾಗ ನಮ್ಮ ಹುಬ್ಬಳ್ಳಿ ಟ್ರಂಕಾಲ್ ಅವರ ಬಿಲ್ಲಿನ್ಯಾಗ ಅಲ್ಲಿಂದ ಹಚ್ಚಾಕ ಬರ್ತೈತೇನ? ಈಗಷ್ಟ ಕಳ್ಳ ಕಳ್ಳ ಅಂದ ಬಾಯೇನ ಇದು, ಇವನ ಬಾಯಾಗ ಮಣ್ಣ ಹಾಕ. ಒಲ್ಲೆರೀ, ಅನ್ನಬೇಕು, ನಾಲಿಗಿ ತುದಿಗೆ ಬಂದೈತಿ — ಆದ್ರ ಟ್ರಂಕಿಗೆ ಎಷ್ಟು ಸಲ ಒತ್ತಬೇಕು, ಸೊನ್ನಿಗೆ ಹತ್ತೇನ, ಅವರ ಕೀಲಿ ಎಂಥಾದ್ದು, ಅದೂ ಹಿತ್ತಾಳೀದೇನ, ಅದೂ ಹಿಂಗ ಜೋತಾಡ್ತೈತೇನ, ಕೀಲಿ, ನೊಣ ಹಾರಿಹೋದ ಕೀಲಿ, ಹಾಕಿದ್ದು ಹಾಕಿದಂಗ