ತಾಯಿ ಮರದ ಸಸಿ

ಮಾಯಸಂದ್ರ ದಾಟಿ ತುರುವೇಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ಗಂಗಕ್ಕನ ತೆಂಗಿನ ಸಸಿಯ ನರ್ಸರಿ ಇತ್ತು. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವಳ ಮಾವನ ಕಾಲದಿಂದಲೂ ಮನೆಯ ಹಿಂದಿನ ತೋಟದ ಹಳೆಯ ಮರಗಳ ಕಾಯಿಯನ್ನೇ ಬಿತ್ತನೆಗೆ ಇಡುತ್ತಿದ್ದರು; ಅವನ್ನು ತಾಯಿ ಮರ ಎನ್ನುತ್ತಿದ್ದರು. ಗೊನೆಯನ್ನು ಮೇಲಿನಿಂದ ಎಸೆಯುವಂತಿರಲಿಲ್ಲ, ಹಗ್ಗ ಕಟ್ಟಿ ಮೆಲ್ಲಗೆ ಇಳಿಸಬೇಕಿತ್ತು. ನೆರಳಲ್ಲಿ ಇಟ್ಟು, ಮರಳು ಪಾತಿಯಲ್ಲಿ ಹೂತು, ಮೊಳಕೆ ಬಂದಮೇಲೆ ಬಡಕಲು ಸಸಿಗಳನ್ನು ಕಿತ್ತೆಸೆದು, ಗಟ್ಟಿಯಾದದ್ದನ್ನು ಮಾತ್ರ ಮಾರುತ್ತಿದ್ದರು. ಸಸಿಯನ್ನು ನೋಡಿ ಅದು ಯಾವ ಮರದ ಕಾಯಿಯದು ಎಂದು ಹೇಳುವುದು ಯಾರಿಗೂ ಆಗದ ಮಾತು. ಹೊಂಬಾಳೆ ಒಡೆದು ಕಾಯಿ ನಿಲ್ಲಲು ಆರೇಳು ವರ್ಷ ಕಾಯಬೇಕು. ಅಲ್ಲಿಯವರೆಗೂ ಕೊಂಡವನ ಕೈಯಲ್ಲಿರುವುದು ಕೊಟ್ಟವರ ಬಾಯಿಮಾತು ಒಂದೇ.

ಗಂಡ ತೀರಿಕೊಂಡ ಮೇಲೆ ಗಂಗಕ್ಕ ಪಾತಿಯ ಕೆಲಸ ನೋಡಿಕೊಂಡರೆ, ಮೈದುನ ಭೀಮರಾಜು ಹೊರಗಿನದನ್ನು ನೋಡಿಕೊಳ್ಳುತ್ತಿದ್ದ. ಗಿರಾಕಿಗಳ ಫೋನು, ಗಾಡಿ ಗೊತ್ತು ಮಾಡುವುದು, ತಿಪಟೂರಿನ ಓಡಾಟ, ಎಲ್ಲ ಅವನದೇ. ಚುರುಕಾದ ಮನುಷ್ಯ, ಅತ್ತಿಗೆಗೆ ಎಂದೂ ಎದುರಾಡಿದವನಲ್ಲ. ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಅವಳು ಹಾಸನಕ್ಕೆ ಹೋಗಿ ಬರುವಷ್ಟರಲ್ಲಿ ರಸ್ತೆಯ ಮಗ್ಗುಲಿಗೆ ಹೊಸ ಪಾತಿಗಳು ಎದ್ದಿದ್ದವು. ಮೈದುನ ಒಬ್ಬನೇ ಇಷ್ಟು ಮಾಡಿದನಲ್ಲ ಎಂದು ಅವಳಿಗೆ ಹೆಮ್ಮೆಯೇ ಆಗಿತ್ತು. ಮರುವರ್ಷದ ಮುಂಗಾರಿನಲ್ಲಿ ಆ ಸಸಿಗಳಷ್ಟೂ ಚಿಕ್ಕನಾಯಕನಹಳ್ಳಿ ಕಡೆಯ ಒಂದೇ ಹಳ್ಳಿಗೆ ಹೋದವು. ಅಲ್ಲಿ ಕಾಂಡ ಸೋರುವ ರೋಗಕ್ಕೆ ಮರಗಳು ಸಾಲುಸಾಲಾಗಿ ಸತ್ತು, ಜನ ಹೊಸದಾಗಿ ತೋಟ ಕಟ್ಟುತ್ತಿದ್ದರು.

ವಿಷಯ ಹೊರಬಿದ್ದದ್ದು ನಿಂಗಮ್ಮನ ಬಾಯಿಂದ. ಪಾತಿ ಕೆಲಸಕ್ಕೆ ಬರುವ ಆ ಹೆಂಗಸು ಮರಳು ಹರಡುತ್ತಾ, ಈ ವರ್ಷವೂ ಕಾಯಿ ಟೆಂಪೋದಲ್ಲೇ ಬರುತ್ತದಾ ಎಂದು ಕೇಳಿದಳು. ಯಾವ ಟೆಂಪೋ ಎಂದಳು ಗಂಗಕ್ಕ. ತಿಪಟೂರು ಮಂಡಿಯಿಂದ ಬಂದದ್ದು, ಭೀಮಣ್ಣನೇ ಇಳಿಸಿಕೊಂಡದ್ದು, ನಿಮಗೆ ಗೊತ್ತಿಲ್ಲವಾ ಎಂದು ನಿಂಗಮ್ಮ ತಲೆ ಎತ್ತಿ ನೋಡಿದಳು.

ಭೀಮರಾಜು ಮುಚ್ಚಿಡಲಿಲ್ಲ. ಆ ವರ್ಷ ತಾಯಿ ಮರಗಳಲ್ಲಿ ಕಾಯಿ ಕಡಿಮೆ, ಕೇಳಿದವರು ಹೆಚ್ಚು. ಇಲ್ಲ ಎಂದರೆ ಗಿರಾಕಿ ಇನ್ನೊಂದು ನರ್ಸರಿಗೆ ಹೋಗುತ್ತಾನೆ, ಹೋದವನು ತಿರುಗಿ ಬರುವುದಿಲ್ಲ. ಅದಕ್ಕೇ ಮಂಡಿಯ ರಾಶಿಯಲ್ಲಿ ಒಳ್ಳೆಯ ದಪ್ಪ ಕಾಯಿ ಆರಿಸಿ ತಂದಿದ್ದ.

"ಅವೂ ತೆಂಗೇ ಅಲ್ವಾ ಅತ್ತಿಗೆ? ಅದ್ರಲ್ಲೂ ಒಳ್ಳೇವು ಇರ್ತವೆ. ಯಾರ್ಗೆ ಗೊತ್ತಾಯ್ತದೆ? ಗೊತ್ತಾಗೋ ಹೊತ್ಗೆ ನಾವಿರ್ತೀವೋ ಇಲ್ವೋ."

"ಯಾರ್ಗೂ ಗೊತ್ತಾಗಲ್ಲ ಅಂತ್ಲೇ ಅಲ್ವೇನಪ್ಪ ಅವ್ರು ನಮ್ಮತ್ರ ಬರೋದು," ಎಂದಳು ಗಂಗಕ್ಕ. ಅವನು ಎದ್ದು ಹೋದ.

ಸುಮ್ಮನಿದ್ದುಬಿಡಬೇಕೆಂದು ಅವಳು ನಿಜಕ್ಕೂ ಪ್ರಯತ್ನಿಸಿದಳು. ಮಂಡಿ ಕಾಯಿಯ ಸಸಿಯಲ್ಲೂ ಒಳ್ಳೆಯ ಮರ ಆಗಬಹುದು, ಸುಳ್ಳೇನಲ್ಲ. ಮಾಡಿದವಳು ತಾನಲ್ಲ. ವಯಸ್ಸಾಗಿದೆ, ಮೊಣಕಾಲು ನೋವಿಗೆ ಮೆಟ್ಟಿಲು ಹತ್ತಲೂ ಆಗುವುದಿಲ್ಲ. ಆದರೆ ಕೊಳ್ಳಲು ಬಂದವರೆಲ್ಲ ಇದು ನಿಮ್ಮ ತಾಯಿ ಮರದ್ದೇ ತಾನೆ ಎಂದು ಕೇಳುತ್ತಿದ್ದರು. ಇಷ್ಟು ಕಾಲ ಯೋಚಿಸದೆ ಹೌದು ಎನ್ನುತ್ತಿದ್ದ ಗಂಗಕ್ಕನಿಗೆ ಈಗ ಆ ಒಂದು ಪದ ಹೇಳುವುದೇ ಆಯಾಸವೆನಿಸತೊಡಗಿತು. ನಿಜ ಹೇಳುವಾಗಲೂ ಸುಳ್ಳು ಹೇಳಿದಂತಾಗುತ್ತಿತ್ತು. ಕೊನೆಗೊಂದು ದಿನ ಬೆಳಿಗ್ಗೆ ತಿಂಡಿ ತಿಂದು, ಸೀರೆ ಬದಲಾಯಿಸಿ, ಜೊತೆಗೆ ಬಾ ಎಂದು ಮೈದುನನನ್ನು ಕರೆದಳು. ಅವನು ಬರಲಿಲ್ಲ. ಒಬ್ಬಳೇ ಬಸ್ಸು ಹತ್ತಿದಳು.

ಮೊದಲು ಹೋದದ್ದು ರಾಮಲಕ್ಷ್ಮಮ್ಮನ ತೋಟಕ್ಕೆ. ಸಸಿ ಒಯ್ಯಲು ಬಂದಾಗ ಅವಳೇ ನಿಂತು ಒಂದೊಂದನ್ನೂ ಗಾಡಿಯಲ್ಲಿ ಒಪ್ಪವಾಗಿ ಜೋಡಿಸಿದ್ದಳು. ಈಗ ಪ್ರತಿ ಸಸಿಗೂ ಸೋಗೆಯ ನೆರಳು ಕಟ್ಟಿ, ಬೇಸಿಗೆಯುದ್ದಕ್ಕೂ ಕೊಡದಲ್ಲಿ ನೀರು ಹೊತ್ತು ಹಾಕಿದ್ದಳು. ಗಂಗಕ್ಕನನ್ನು ಕಂಡು ಸಂತೋಷಪಟ್ಟು, ನೋಡು ಹೆಂಗೆ ಬಂದವೆ ಎಂದು ಗುಂಡಿಯಿಂದ ಗುಂಡಿಗೆ ನಡೆಸಿಕೊಂಡು ಹೋದಳು. ಸಸಿಗಳು ಚೆನ್ನಾಗಿಯೇ ಇದ್ದವು. ಗಂಗಕ್ಕ ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಮುಂದಿನ ವರ್ಷದ ಮುಂಗಾರಿಗೆ ತಾಯಿ ಮರದ ಸಸಿಯನ್ನು ತಾನೇ ಕೊಡುತ್ತೇನೆ, ಏನೂ ಕೊಡಬೇಕಾಗಿಲ್ಲ ಎಂದಳು.

ರಾಮಲಕ್ಷ್ಮಮ್ಮ ಪಕ್ಕದ ಸಸಿಯ ಸೋಗೆಯನ್ನು ಸರಿಮಾಡಿದಳು.

"ಇವನ್ನ ಕಿತ್ತಾಕು ಅಂತೀಯಾ?"

"ಅದು ನಿನ್ನಿಷ್ಟ ಕಣವ್ವ. ಚೆನ್ನಾಗೂ ಆಗ್ಬೋದು, ಆಗ್ದೇನೂ ಇರ್ಬೋದು. ನಂಗೆ ಗೊತ್ತಿಲ್ಲ ಅನ್ನೋದನ್ನೇ ಹೇಳಕ್ ಬಂದೆ."

"ನೀನು ಹೇಳ್ದೆ ಇದ್ದಿದ್ರೆ ಚೆನ್ನಾಗಿತ್ತು ಕಣೇ ಗಂಗಕ್ಕ. ನಿರುಮ್ಮಳವಾಗಿ ನೀರು ಹಾಕ್ಕಂಡಿರ್ತಿದ್ದೆ. ಇನ್ಮೇಲೆ ಒಂದೊಂದು ಕೊಡ ಹೊರುವಾಗ್ಲೂ ಇದೇ ಯೋಚ್ನೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗಂಗಕ್ಕ ಅವಳು ಕೊಟ್ಟ ನೀರು ಕುಡಿದು ಎದ್ದಳು.

ಉಳಿದ ಮನೆಗಳಲ್ಲಿ ಒಂದೊಂದು ತೆರ. ಒಬ್ಬರು ಕೈಮುಗಿದರು, ಒಬ್ಬರು ನಾಯಿ ಓಡಿಸುವ ದನಿಯಲ್ಲಿ ಆಚೆ ನಡೆ ಎಂದರು. ಜ್ಞಾನೇಶ್ ಎಂಬ ಹೊಸ ರೈತ ಕುರ್ಚಿ ಹಾಕಿ ಕೂರಿಸಿ, ಸಮಾಧಾನದಿಂದ ಕೇಳಿ, ಇನ್ನೊಂದು ಸಲ ಹೇಳಿ ಅಕ್ಕ ಎಂದು ಮೊಬೈಲು ಹಿಡಿದ. ಅವಳು ಮತ್ತೆ ಹೇಳಿದಳು. ಅವಳು ಊರು ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು. ಬದಲಿ ಸಸಿ ಕೊಡುವ ಮಾತು ಅದರಲ್ಲಿರಲಿಲ್ಲ. ನಾವು ಕೊಟ್ಟದ್ದು ನಮ್ಮ ತಾಯಿ ಮರದ್ದಲ್ಲ ಎಂಬಷ್ಟೇ ಇತ್ತು. ಅದು ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಹೋಗಿ, ತಾಲ್ಲೂಕು ದಾಟಿತು. ಸಸಿ ಕಾದಿರಿಸಿದ್ದವರೆಲ್ಲ ಒಬ್ಬೊಬ್ಬರಾಗಿ ಬೇಡವೆಂದರು.

ಭೀಮರಾಜು ಒಂದು ವಾರ ಮನೆಯಲ್ಲಿ ಊಟ ಮಾಡಲಿಲ್ಲ. ಆಮೇಲೆ ಬೇರೆಯಾದ. ತಿಪಟೂರು ರಸ್ತೆಯಲ್ಲಿ ದೊಡ್ಡ ಫ್ಲೆಕ್ಸು ಕಟ್ಟಿ ತನ್ನದೇ ನರ್ಸರಿ ಶುರುಮಾಡಿದ. ಅಲ್ಲಿ ಯಾವಾಗಲೂ ಗಾಡಿ ನಿಂತಿರುತ್ತದೆ ಎಂದು ಬಸ್ಸಿನಲ್ಲಿ ಬಂದವರು ಹೇಳುತ್ತಿದ್ದರು. ಗಂಗಕ್ಕ ರಸ್ತೆ ಬದಿಯ ಪಾತಿಗಳನ್ನು ಮುಚ್ಚಿಸಿ, ತೋಟದ ಕಾಯಿ ಎಷ್ಟಾಗುವುದೋ ಅಷ್ಟನ್ನೇ ಇಟ್ಟಳು. ಕಾಯಿ ಇಳಿಸುವ ದಿನ ನೋವಿನ ಕಾಲಲ್ಲೇ ಮರದ ಬುಡದಲ್ಲಿ ನಿಂತು ತಾನೇ ಹಗ್ಗ ಸಡಿಲಿಸಿದಳು.

ಮರುವರ್ಷ ಮುಂಗಾರು ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಭೀಮರಾಜು ಬಂದ. ಬೇರೆಯಾದ ಮೇಲೆ ಮೊದಲ ಸಲ. ಅವಳು ಕಾಫಿ ಕೊಟ್ಟಳು. ಅವನು ಮಳೆಯ ಮಾತು, ಕೊಬ್ಬರಿ ರೇಟಿನ ಮಾತು ಎಲ್ಲ ಆಡಿ ಮುಗಿಸಿ, ಲೋಟ ಕೆಳಗಿಟ್ಟ. ತನ್ನ ಪಾಲಿನ ಹೊಲಕ್ಕೆ ಬೋರು ಹಾಕಿಸಿದ್ದಾನೆ, ನೀರು ಬಿದ್ದಿದೆ, ಮಕ್ಕಳ ಹೆಸರಿಗೆ ತೋಟ ಮಾಡಬೇಕೆಂದಿದ್ದಾನೆ.

"ಸಸಿ ಬೇಕಾಗಿತ್ತು ಅತ್ತಿಗೆ. ತಾಯಿ ಮರದ್ದು."

ಗಂಗಕ್ಕ ಅವನ ಮುಖ ನೋಡಿದಳು. ನಿನ್ನ ನರ್ಸರಿಯಲ್ಲಿ ಇಲ್ಲವೇನೋ ಎಂದು ಕೇಳಬಹುದಿತ್ತು. ಆ ಮಾತಿಗೆ ಬೇಕಾದ ಕಸುವು ಅವಳಲ್ಲಿ ಇರಲಿಲ್ಲ, ಆಡದಿದ್ದರೂ ಅದು ಅವನಿಗೆ ಕೇಳಿಸಿದಂತಿತ್ತು. ಅವನು ನೆಲ ನೋಡುತ್ತಾ ಕೂತಿದ್ದ, ಕೂದಲು ಅಲ್ಲಲ್ಲಿ ನೆರೆತಿತ್ತು.

"ಈ ವರ್ಸದ್ದೆಲ್ಲ ಆ ಊರ್ನೋರಿಗೆ ಕಣಪ್ಪ. ಮುಂದಿನ್ ವರ್ಸನೂ ಅವ್ರಿಗೇ ಸಾಲ್ದು. ಅದಾದ್ಮೇಲೆ ಬಾ, ಕೊಡ್ತೀನಿ."

"ಅಲ್ಲೀವರ್ಗೂ ಹೊಲ ಬೀಳು ಬಿಡ್ಲಾ?"

"ಬೇರೆ ಏನಾರ ಬಿತ್ತು."

ಅವನು ತಲೆಯಾಡಿಸಿ, ಬತ್ತೀನಿ ಎಂದು ಗಾಡಿ ಹತ್ತಿದ.

ಮೊದಲ ಮಳೆ ಬಿದ್ದ ವಾರ ರಾಮಲಕ್ಷ್ಮಮ್ಮ ಲಗೇಜ್ ಆಟೋ ಮಾಡಿಕೊಂಡು ಬಂದಳು. ಹಳೆಯದನ್ನು ಕಿತ್ತೆಯಾ ಎಂದು ಗಂಗಕ್ಕ ಕೇಳಿದಳು. ಕೀಳಲು ಮನಸ್ಸು ಬರಲಿಲ್ಲವಂತೆ, ಹಳ್ಳದ ಕಡೆ ಬೇರೆ ಗುಂಡಿ ತೆಗೆಸಿದ್ದಾಳಂತೆ. ಇಬ್ಬರೂ ಸೇರಿ ಸಸಿಗಳನ್ನು ಆಟೋಗೆ ಸಾಗಿಸಿದರು. ಅರ್ಧ ತುಂಬುವಷ್ಟರಲ್ಲಿ ಇಬ್ಬರಿಗೂ ಏದುಸಿರು ಬಂದು ಜಗುಲಿಯ ಮೇಲೆ ಕೂತರು.

"ಇವು ಗ್ಯಾರಂಟಿ ತಾನೆ?" ಎಂದಳು ರಾಮಲಕ್ಷ್ಮಮ್ಮ.

"ಯಾವ ಮರದ್ದು ಅಂತ ಗೊತ್ತು. ಅಷ್ಟಕ್ಕೆ ನಾನು ಗ್ಯಾರಂಟಿ."

ಅವಳು ಒಪ್ಪಿದಳೋ ಬಿಟ್ಟಳೋ ಗಂಗಕ್ಕನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ರಾಮಲಕ್ಷ್ಮಮ್ಮನೇ ಮೊದಲು ಸೊಂಟ ಹಿಡಿದುಕೊಂಡು ಎದ್ದು, ಉಳಿದ ಸಸಿಗಳ ಕಡೆಗೆ ನಡೆದಳು.