ಆರನೆಯ ಸಂಪುಟ

ನಾನು ಮೆಚ್ಚಿದ ಪುಸ್ತಕವನ್ನು ಇನ್ನೊಬ್ಬರು ಓದಿಲ್ಲವೆಂದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ನಾನು ಹಲ್ಲಿನ ಡಾಕ್ಟರ ಸಹಾಯಕಿ. ಬಾಯಿ ಅಗಲಿಸಿ ಕುರ್ಚಿಯಲ್ಲಿ ಮಲಗಿದವರು ಬೇಡ ಎನ್ನಲಾರರು. ಹಾಗಾಗಿ ಹಲ್ಲಿನ ಪಾಚಿ ತೆಗೆಯುತ್ತಲೇ ಎಷ್ಟೋ ಜನರ ಕಿವಿಗೆ ಗಾಳಿ ಕಾಯುವವರ ಕಥೆ ತುಂಬಿದ್ದೇನೆ. ಬಂದವರಿಗೆ ಹಲ್ಲುನೋವೊಂದೇ ಸಾಲದೇ ಎಂದು ಡಾಕ್ಟರು ಗದರಿದ್ದೂ ಉಂಟು.

ಐದು ದಪ್ಪ ಸಂಪುಟಗಳ ಕಾದಂಬರಿ ಅದು. ಆ ದೇಶದಲ್ಲಿ ಗಾಳಿಗಳನ್ನು ದನಗಳಂತೆ ಕೊಟ್ಟಿಗೆಯಲ್ಲಿ ಕಟ್ಟಿ ಸಾಕುತ್ತಾರೆ. ಬೆಳಗ್ಗೆ ಬಿಟ್ಟರೆ ಸಂಜೆ ತಾವೇ ಮನೆಗೆ ಬರುತ್ತವೆ. ಗಾಳಿ ಕಾಯುವವನ ಮಗಳಿಗೆ ಒಂದು ಕಿವಿ ಕಿವುಡು. ಗಾಳಿಗಳ ಮಾತು ಕೇಳಿಸುವುದು ಆ ಕಿವಿಗೇ. ಹೇಳುತ್ತ ಹೋದರೆ ನನಗೆ ಊಟ ನಿದ್ದೆ ಬೇಡ. ಮನೆಯಲ್ಲಿ ಮಾತ್ರ ಇದಕ್ಕೆ ಕವಡೆ ಕಿಮ್ಮತ್ತೂ ಇರಲಿಲ್ಲ. ಮೇಜು ಅಲುಗಾಡುತ್ತದೆಂದು ನನ್ನ ಗಂಡ ಮೊದಲ ಸಂಪುಟವನ್ನು ಅದರ ಕಾಲಡಿಗೆ ಕೊಟ್ಟಿದ್ದ. ಆ ವಾರ ನಾನು ಅವನನ್ನು ಮಾತಾಡಿಸಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮಲ್ಲಿಗೆ ಬಂದರು. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವರು, ಮಾತಿಗೆ ಕೂತರೆ ಎದುರಿನವರನ್ನು ಏಳಗೊಡದವರು, ಬಾಲ್ಕನಿಯ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತುಬಿಟ್ಟರು. ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದರು. ಮನಸ್ಸು ಯಾವುದಕ್ಕಾದರೂ ಅಂಟಿಕೊಳ್ಳಲೇಬೇಕು, ಇಲ್ಲವಾದರೆ ಈ ವಯಸ್ಸಿನಲ್ಲಿ ದೇಹವೂ ಕೈಬಿಡುತ್ತದೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು.

ಅಂಟಿಸುವ ಕೆಲಸ ನನಗಿಂತ ಚೆನ್ನಾಗಿ ಇನ್ಯಾರಿಗೆ ಬರುತ್ತದೆ? ಮೇಜಿನ ಕಾಲಡಿಯಿಂದ ಬಿಡಿಸಿಕೊಂಡಿದ್ದ ಮೊದಲ ಸಂಪುಟವನ್ನು ಅವರ ತೊಡೆಯ ಮೇಲಿಟ್ಟೆ. ಎಷ್ಟೋ ದಿನ ಅದು ತೆರೆಯದೆ ಅಲ್ಲೇ ಇತ್ತು. ಒಂದು ಭಾನುವಾರ ಅವರೇ ಕರೆದು, ಗಾಳಿಯನ್ನು ಹಗ್ಗದಲ್ಲಿ ಕಟ್ಟುವುದು ಯಾವ ಸೀಮೆಯ ನ್ಯಾಯ ಎಂದು ಕೇಳಿದರು. ಹೆಬ್ಬೆರಳ ಗಾತ್ರದ ಹಗ್ಗವಂತೆ, ಅದಕ್ಕೆ ಬಿರುಗಾಳಿಯಂತೆ; ಬರೆದವನು ಹುಟ್ಟಿದಾರಭ್ಯ ಒಂದು ಭಾರ ಎತ್ತಿದ್ದಾನೋ ಇಲ್ಲವೋ ಎಂದು ರೇಗಿದರು. ಅತ್ತೆ ಹೋದಮೇಲೆ ಅವರಾಡಿದ ಮೊದಲ ಉದ್ದನೆಯ ಮಾತು ಅದು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಹಗ್ಗದ ಜಗಳ ಎರಡನೆಯ ಸಂಪುಟದವರೆಗೂ ಎಳೆದುಕೊಂಡು ಹೋಯಿತು. ಮೂರನೆಯದರಲ್ಲಿ ಜಗಳ ನಿಂತು ಓದು ಉಳಿಯಿತು. ಪುಸ್ತಕ ಹಿಡಿದೇ ಊಟಕ್ಕೆ ಕೂರುತ್ತಿದ್ದರು, ಗಮನವಿಲ್ಲದೆ ತಟ್ಟೆ ಖಾಲಿ ಮಾಡುತ್ತಿದ್ದರು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ, ಆ ಕಳ್ಳ ದಳವಾಯಿ ಹೀಗೆ ಮಾಡಬಹುದಿತ್ತೇ ಎಂದು ಶುರುಮಾಡುತ್ತಿದ್ದರು. ನಾವಿಬ್ಬರು ಮಾತಿಗೆ ಬಿದ್ದರೆ ನನ್ನ ಗಂಡ ನೆಂಟರ ಮನೆಗೆ ಬಂದವನಂತೆ ಮೂಲೆ ಹಿಡಿದು ಕೂರುತ್ತಿದ್ದ. ನಾನು ಅಷ್ಟು ಸುಖವಾಗಿದ್ದ ದಿನಗಳು ಕಡಿಮೆ.

ಆ ಸುಖದಲ್ಲಿ ಒಂದು ವಿಷಯದ ಬಗ್ಗೆ ಮಾತ್ರ ನಾನು ಬಾಯಿ ಬಿಡಲಿಲ್ಲ. ಐದನೆಯ ಸಂಪುಟದ ಕೊನೆಯಲ್ಲಿ ಹುಡುಗಿ, ಎಲ್ಲಕ್ಕಿಂತ ಹಳೆಯ ಗಾಳಿಯನ್ನು ಬಿಡಿಸಲು ಬೆಟ್ಟದೊಳಗೆ ಹೋಗುತ್ತಾಳೆ. ಅವಳ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕತ್ತಲಲ್ಲಿ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಾರೆ. ಅಲ್ಲಿಗೆ ನಿಂತಿತು. ಆರನೆಯದನ್ನು ಬರೆಯುವ ಮೊದಲೇ ಲೇಖಕ ಸತ್ತುಹೋದ. ನಮ್ಮಂಥ ಹುಚ್ಚರು ಇದನ್ನು ದೋಷವೆಂದು ಎಣಿಸುವುದೇ ಇಲ್ಲ. ಮೊದಲು ಓದಲಿ, ಆಮೇಲಿನದು ಆಮೇಲೆ ಎನ್ನುತ್ತೇವೆ.

ಆಮೇಲಿನದು ಬಂತು. ಮಾವ ಐದನೆಯದನ್ನು ಮುಚ್ಚಿ ಆರನೆಯದಕ್ಕೆ ಕೈ ಚಾಚಿದರು. ಅಂಗಡಿಗೆ ಹೇಳಿದ್ದೇನೆ, ತರಿಸಿಕೊಡುತ್ತಾರೆ ಎಂದೆ. ಮರುದಿನವೂ ಕೇಳಿದರು, ಅದರ ಮರುದಿನವೂ. ನನಗೆ ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಕೊನೆಗೆ ಗಂಡನ ಮುಂದೆ ಹೇಳಿಕೊಂಡೆ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತಂತೆ ಎಂದು ಅವನು ಬೈಯಲು ಶುರುಮಾಡಿದ. ಆಮೇಲೆ ಬೈಗುಳ ಅರ್ಧಕ್ಕೇ ನಿಲ್ಲಿಸಿ ಮಂಚದ ಮೇಲೆ ಕೂತ.

“ಮೊದ್ಲು ಅಪ್ಪಂಗೆ ಒಬ್ಬರ ದುಃಖ ಇತ್ತು,” ಅಂದ. “ಈಗ ಇಬ್ಬರದು.”

ನೀನು ಹೇಳು ಎಂದು ಅವನು, ನಿನ್ನಪ್ಪ ತಾನೆ, ನೀನೇ ಹೇಳು ಎಂದು ನಾನು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ನಾವು ಕಿತ್ತಾಡುತ್ತಿರುವಾಗಲೇ, ತಿಂಗಳುಗಟ್ಟಲೆ ಮೆಟ್ಟಿಲಿಳಿಯದಿದ್ದ ಮಾವ ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸು ಹತ್ತಿ, ತಾವೇ ಪುಸ್ತಕದಂಗಡಿಗೆ ಹೋಗಿಬಂದರು.

ನಾನು ಕೆಲಸದಿಂದ ಬಂದಾಗ ಅವರು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಬೂಟು ಇನ್ನೂ ಕಾಲಲ್ಲೇ ಇತ್ತು.

“ಬರೆದೋನು ಸತ್ತುಹೋಗಿದಾನಂತೆ,” ಅಂದರು.

ನನಗೆ ಭಯವಾಯಿತು. ಭಯಕ್ಕೆ ಬಾಯಿ ಬಿಚ್ಚಿಕೊಂಡಿತು. ಓದುಗರು ಏನೇನು ಊಹಿಸಿದ್ದಾರೆಂದು ಒಂದೇ ಉಸಿರಿಗೆ ಒದರಿದೆ. ಮಾವ, ಆ ಹಳೆಯ ಗಾಳಿ ಅವಳ ತಾಯಿಯೇ ಎನ್ನುತ್ತಾರೆ ಕೆಲವರು, ಆ ಬಾಗಿಲು ಒಳಗಿನಿಂದಲೂ ತೆರೆಯುತ್ತದೆ ಎನ್ನುವವರೂ ಇದ್ದಾರೆ ಎಂದೆ. ಲಿಫ್ಟ್ ಯಾಕೆ ಕೆಟ್ಟಿತೆಂದು ಕಟ್ಟಡದವರು ಹೇಳುವುದನ್ನು ಹೇಗೆ ಕೇಳುತ್ತಿದ್ದರೋ ಹಾಗೇ ತಾಳ್ಮೆಯಿಂದ ಕೇಳಿದರು. ಆಮೇಲೆ ತಮ್ಮ ಕೆಲಸದ ಒಂದು ಕಟ್ಟಳೆ ಹೇಳಿದರು. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಅದನ್ನು ಸರಿಸಲು ಒಬ್ಬ ಮೇಲಿನ ಮೆಷಿನ್ ರೂಮಿಗೆ ಓಡಬೇಕು; ಇನ್ನೊಬ್ಬ ಬಾಗಿಲ ಬಳಿ ನಿಂತು ಒಳಗಿದ್ದವರೊಡನೆ ಮಾತಾಡುತ್ತಲೇ ಇರಬೇಕು. ಬಾಗಿಲು ತೆರೆಯುವವರೆಗೆ ಅವನು ಕದಲುವಂತಿಲ್ಲ.

“ಇಲ್ಲಿ ಮೆಷಿನ್ ರೂಮಲ್ಲೇ ಯಾರೂ ಇಲ್ವಲ್ಲಮ್ಮ,” ಅಂದರು.

ನಾನು ಹೆಗಲ ಚೀಲ ಕೆಳಗಿಟ್ಟೆ.

“ನಿಮ್ಮತ್ತೆ ಅವತ್ತು, ಬನ್ನಿ ಇಲ್ಲಿ, ಒಂದು ಮಾತು ಹೇಳ್ಬೇಕು ಅಂದ್ಲು. ಒಲೆ ಆರಿಸಿ ಬರ್ತೀನಿ ಅಂದೆ. ಬರೋಷ್ಟರಲ್ಲಿ ಹೋಗ್ಬಿಟ್ಟಿದ್ಲು. ಏನು ಹೇಳ್ಬೇಕು ಅಂತಿದ್ಲೋ. ಇದನ್ನಾದ್ರೂ ಪೂರ್ತಿ ಕೇಳಬಹುದು ಅಂದ್ಕೊಂಡಿದ್ದೆ.”

ಅವರ ಕಾಲ ಬಳಿ ನೆಲದ ಮೇಲೆ ಕೂತೆ. ಏನಾದರೂ ಮಾಡಬೇಕಲ್ಲ ಎಂದು ಬೂಟಿನ ದಾರ ಬಿಚ್ಚತೊಡಗಿದೆ. ಅವರು ಬೇಡ ಎನ್ನಲಿಲ್ಲ.

“ಗೊತ್ತಿದ್ದೂ ಯಾಕೆ ಕೊಟ್ಟೆ?”

ನಿಮ್ಮ ಮನಸ್ಸು ಅಂಟಿಕೊಳ್ಳಲಿ ಎಂದು ಕೊಟ್ಟೆ, ನಿಮಗೋಸ್ಕರವೇ ಕೊಟ್ಟೆ ಎನ್ನಬಹುದಿತ್ತು.

“ಆರನೇದಕ್ಕೆ ಒಬ್ಬಳೇ ಕಾಯೋಕೆ ಆಗ್ತಿರಲಿಲ್ಲ ಮಾವ.”

ಅವರು ಬಗ್ಗಿ ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ಇಬ್ಬರು ಕಾದ್ರೆ ಬರುತ್ತಾ?” ಎಂದು ಕೇಳಿದರು.

ಇನ್ನೊಂದು ಸುಳ್ಳಿಗಾಗಿ ತಡಕಾಡಿದೆ. ಸಿಗಲಿಲ್ಲ. ಇಲ್ಲ ಮಾವ, ಬರಲ್ಲ ಅಂದೆ.